ಸಿಮೆಂಟಿನ ಮರೆಯ ಬಂಡೆ

ಉಪ್ಪುನೀರು ತುಂಬಿದ ಬಂಡೆಯು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುತ್ತದೆ. ಎಣ್ಣೆ ತುಂಬಿದ್ದು ತಡೆಯುತ್ತದೆ. ಈ ತಡೆಯೇ ವಿದ್ಯುದ್ರೋಧ. ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ 1927ರಲ್ಲಿ ಇದನ್ನು ಕೊಳವೆಯಿಲ್ಲದ ಎಣ್ಣೆಬಾವಿಯೊಳಗೆ ಅಳೆದರು. ಆದರೆ ಉಕ್ಕಿನ ಕೊಳವೆಯನ್ನಿಳಿಸಿ, ಸುತ್ತಲೂ ಸಿಮೆಂಟು ತುಂಬಿದ ಬಾವಿಯಲ್ಲಿ ಅಳೆಯುವುದೆಂತು? ವಿದ್ಯುತ್ತಿನ ಬಹುಪಾಲು ಉಕ್ಕಿನಲ್ಲಿಯೇ ಹರಿದುಹೋಗುತ್ತದೆ. ಹೊರಗೆ ಸೋರುವ ಅತ್ಯಲ್ಪ ಭಾಗವನ್ನೇ ನಾವು ಅಳೆಯಬೇಕು. ಅದೂ ಸಿಮೆಂಟನ್ನು ದಾಟಿಯೇ ಬಂಡೆಯನ್ನು ಸೇರಬೇಕಷ್ಟೆ. ಬಂಡೆಯ ರೋಧವು ಸಿಮೆಂಟಿನದಕ್ಕಿಂತ ಬಹಳ ಹೆಚ್ಚಾಗಿದ್ದರೆ ದೋಷವು ಅಲ್ಪ. ಕಡಿಮೆಯಾಗಿದ್ದರೆ ಸಿಮೆಂಟಿನ ರೋಧವೂ ಲೆಕ್ಕಕ್ಕೆ ಕೂಡಿ, ನೀರಿನ ಬಂಡೆಯೇ ಎಣ್ಣೆಯದರಂತೆ ತೋರೀತು! ಅಲ್ಲಿ ಕೊಳವೆಗೆ ರಂಧ್ರ ಕೊರೆದರೆ ದೊರೆಯುವುದು ಬರಿಯ ಉಪ್ಪುನೀರು. ಆದುದರಿಂದ ಸಿಮೆಂಟಿನ ದಪ್ಪವನ್ನೂ ರೋಧವನ್ನೂ ತಿಳಿದು, ಅಳತೆಯನ್ನು ತಿದ್ದಿಕೊಂಡ ಬಳಿಕವೇ ನಾವು ತೀರ್ಮಾನಕ್ಕೆ ಬರಬೇಕು.