ಹಳೆಯ ಸೇಫ್ಟಿ ರೇಜರ್ ಬಳಕೆ ಮತ್ತು ಚರ್ಮದ ರಕ್ಷಣೆ

ಸೇಫ್ಟಿ ರೇಜರ್ ಎಂಬುದು ಬ್ಲೇಡಿನ ಅಂಚು ಮಾತ್ರ ಚರ್ಮಕ್ಕೆ ತಾಗುವಂತೆ ರಕ್ಷಾಪಟ್ಟಿಯನ್ನು ಅಳವಡಿಸಿದ ಕ್ಷೌರ ಸಾಧನವಾಗಿದೆ. ಎರಡೂ ಬದಿ ಹರಿತವಿರುವ ತೆಳು ಬ್ಲೇಡನ್ನು ಬದಲಿಸುತ್ತ ಬಳಸುವ ಲೋಹದ ರೇಜರುಗಳು ಇಪ್ಪತ್ತನೆಯ ಶತಮಾನದ ಬಹುಭಾಗ ಮನೆಮನೆಗಳಲ್ಲಿ ಬಳಕೆಯಲ್ಲಿದ್ದವು. ಹಿರಿಯರಿಂದ ಬಂದ ಅಥವಾ ಹಳೆಯ ಸಾಮಾನಿನ ಅಂಗಡಿಯಲ್ಲಿ ದೊರೆತ ಇಂತಹ ರೇಜರನ್ನು ಬಳಸುವಾಗ ಉರಿ, ಕೆಂಪು ಗುಳ್ಳೆ, ಒಳಬೆಳೆದ ಕೂದಲು ಮತ್ತು ಸೋಂಕು ಉಂಟಾಗಬಹುದು. ಇವುಗಳಲ್ಲಿ ಹೆಚ್ಚಿನವನ್ನು ಸರಿಯಾದ ಸಿದ್ಧತೆ, ಹಗುರವಾದ ಕೈ ಮತ್ತು ಸ್ವಚ್ಛತೆಯಿಂದ ತಡೆಯಬಹುದಾಗಿದೆ.

ಇತಿಹಾಸ

ಫ್ರಾನ್ಸಿನ ಜೀನ್ ಜಾಕ್ ಪೆರೆ ಹದಿನೆಂಟನೆಯ ಶತಮಾನದಲ್ಲಿ ಕ್ಷೌರಕತ್ತಿಗೆ ಮರದ ರಕ್ಷಣೆಯನ್ನು ಜೋಡಿಸಿ, ಆಳವಾದ ಗಾಯವಾಗದಂತೆ ಮಾಡುವ ಪ್ರಯತ್ನ ನಡೆಸಿದನು. ಅಮೆರಿಕದಲ್ಲಿ ಕ್ಯಾಂಫೆ ಸಹೋದರರು 1880ರಲ್ಲಿ ಗುದ್ದಲಿಯಾಕಾರದ ರೇಜರಿಗೆ ಪೇಟೆಂಟ್ ಪಡೆದರು. ಆದರೆ ಅದರ ಅಲಗನ್ನು ಆಗಾಗ ಮಸೆಯಬೇಕಾಗಿತ್ತು. ಬಳಸಿ ಎಸೆಯಬಹುದಾದ ತೆಳು ಬ್ಲೇಡಿನ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದವನು ಕಿಂಗ್ ಕ್ಯಾಂಪ್ ಜಿಲೆಟ್. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಅವನ ಕಂಪನಿ ಮಾರಿದ್ದು 51 ರೇಜರು ಮತ್ತು 168 ಬ್ಲೇಡುಗಳನ್ನು ಮಾತ್ರ. 1904ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 35 ಲಕ್ಷ ರೇಜರುಗಳು ಪೂರೈಕೆಯಾದವು. ಯುದ್ಧ ಮುಗಿಸಿ ಮರಳಿದ ಸೈನಿಕರೊಂದಿಗೆ ಸ್ವತಃ ಕ್ಷೌರ ಮಾಡಿಕೊಳ್ಳುವ ರೂಢಿಯೂ ಮನೆಗಳಿಗೆ ಬಂದಿತು.

ಆರಂಭದ ಬ್ಲೇಡುಗಳು ಕಾರ್ಬನ್ ಉಕ್ಕಿನವಾಗಿದ್ದು ಬೇಗನೆ ತುಕ್ಕು ಹಿಡಿಯುತ್ತಿದ್ದವು. 1960ರ ದಶಕದ ಆರಂಭದಲ್ಲಿ ವಿಲ್ಕಿನ್‌ಸನ್ ಸೋರ್ಡ್ ಕಂಪನಿಯ ಸ್ಟೇನ್‌ಲೆಸ್ ಉಕ್ಕಿನ ಬ್ಲೇಡುಗಳು ಜನಪ್ರಿಯವಾದ ನಂತರ ಈ ತೊಂದರೆ ಕಡಿಮೆಯಾಯಿತು. ಭಾರತದಲ್ಲಿ ಟೋಪಾಜ್, ಸೆವೆನ್ ಓ ಕ್ಲಾಕ್ ಮುಂತಾದ ಬ್ಲೇಡುಗಳು ಕಿರಾಣಿ ಅಂಗಡಿಗಳವರೆಗೂ ತಲುಪಿದವು. ಈ ಬಗೆಯ ಬ್ಲೇಡಿನ ಉದ್ದ ಸುಮಾರು 43 ಮಿಲಿಮೀಟರ್, ಅಗಲ 22 ಮಿಲಿಮೀಟರ್ ಮತ್ತು ದಪ್ಪ 0.1 ಮಿಲಿಮೀಟರ್. ಅಳತೆ ಬದಲಾಗದೆ ಉಳಿದಿರುವುದರಿಂದ ಹಲವು ದಶಕಗಳ ಹಿಂದಿನ ರೇಜರಿಗೂ ಇಂದಿನ ಬ್ಲೇಡು ಹೊಂದುತ್ತದೆ.

ಚರ್ಮಕ್ಕೆ ಆಗುವ ತೊಂದರೆಗಳು

ಕ್ಷೌರದಿಂದ ಚರ್ಮಕ್ಕೆ ಆಗುವ ತೊಂದರೆಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು ಕ್ಷೌರದ ಉರಿ. ಬ್ಲೇಡು ಕೂದಲಿನೊಂದಿಗೆ ಚರ್ಮದ ಅತ್ಯಂತ ಹೊರಗಿನ ಪದರವನ್ನೂ ಕೆರೆದು ತೆಗೆಯುತ್ತದೆ. ತೇವವನ್ನು ಕಾಪಾಡುವ ಈ ಪದರ ಹಾಳಾದಾಗ ಚರ್ಮ ಒಣಗಿ, ಕೆಂಪಾಗಿ, ಉರಿಯತೊಡಗುತ್ತದೆ. ಒತ್ತಿ ಎಳೆಯುವುದು, ಮೊಂಡಾದ ಬ್ಲೇಡು ಮತ್ತು ಒಂದೇ ಜಾಗದಲ್ಲಿ ಪದೇ ಪದೇ ರೇಜರ್ ಆಡಿಸುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಎರಡನೆಯದು ಒಳಬೆಳೆದ ಕೂದಲು. ಗುಂಗುರು ಕೂದಲನ್ನು ಕತ್ತರಿಸಿದಾಗ ಅದರ ತುದಿ ಚೂಪಾಗುತ್ತದೆ ಮತ್ತು ಬೆಳೆಯುತ್ತ ಬಾಗಿ ಮತ್ತೆ ಚರ್ಮವನ್ನು ಹೊಗುತ್ತದೆ. ಚರ್ಮವನ್ನು ಬಿಗಿಯಾಗಿ ಎಳೆದು ಬುಡಕ್ಕೇ ಕತ್ತರಿಸಿದರೆ, ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿದು ರೋಮಕೂಪದ ಗೋಡೆಯನ್ನೇ ಚುಚ್ಚಬಹುದು. ದೇಹ ಇದನ್ನು ಹೊರಗಿನ ವಸ್ತುವೆಂದು ಪರಿಗಣಿಸಿ ಪ್ರತಿಕ್ರಿಯಿಸುವುದರಿಂದ ಗುಳ್ಳೆಗಳೇಳುತ್ತವೆ. ಕಪ್ಪು ಮತ್ತು ಕಂದು ಬಣ್ಣದ ಚರ್ಮದಲ್ಲಿ ಗುಳ್ಳೆ ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದುಂಟು.

ಮೂರನೆಯದು ಸೋಂಕು. ಸಣ್ಣ ಗೀರುಗಳ ಮೂಲಕ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ರೋಮಕೂಪವನ್ನು ಸೇರಿ ಕೀವುಗುಳ್ಳೆಗಳನ್ನು ಉಂಟುಮಾಡುತ್ತದೆ. ಮುಖದಲ್ಲಿ ನರುಲಿ ಇರುವವರು ಅದರ ಮೇಲೆ ರೇಜರ್ ಆಡಿಸಿದರೆ ವೈರಾಣು ಅಕ್ಕಪಕ್ಕದ ಚರ್ಮಕ್ಕೂ ಹರಡುತ್ತದೆ.

ಹಳೆಯ ರೇಜರಿನ ಪರೀಕ್ಷೆ

ಹಳೆಯ ರೇಜರುಗಳಲ್ಲಿ ಬಹಳಷ್ಟು ಹಿತ್ತಾಳೆಯವಾಗಿದ್ದು ಅವುಗಳ ಮೇಲೆ ನಿಕಲ್ ಲೇಪನವಿರುತ್ತದೆ. ಬಳಕೆಗೆ ಮುನ್ನ ಕೆಳಗಿನ ಅಂಶಗಳನ್ನು ಗಮನಿಸಬೇಕಾಗುತ್ತದೆ.

ಸಮತೆ: ಬ್ಲೇಡನ್ನು ಕೂರಿಸಿ ಹಿಡಿಕೆಯನ್ನು ಪೂರ್ಣವಾಗಿ ಬಿಗಿಗೊಳಿಸಿದಾಗ ಎರಡೂ ಬದಿಗಳಲ್ಲಿ ಅಂಚು ಒಂದೇ ಪ್ರಮಾಣದಲ್ಲಿ ಹೊರಗೆ ಕಾಣಬೇಕು. ಕೆಳಗೆ ಬಿದ್ದು ಹಲ್ಲುಪಟ್ಟಿ ಬಾಗಿರುವ ರೇಜರಿನಲ್ಲಿ ಒಂದು ಬದಿ ಹೆಚ್ಚು ಹೊರಚಾಚಿ ಚರ್ಮವನ್ನು ಗೀರುತ್ತದೆ. ಎಷ್ಟು ಎಚ್ಚರದಿಂದ ಬಳಸಿದರೂ ಇಂತಹ ರೇಜರಿನಿಂದ ಉರಿ ತಪ್ಪುವುದಿಲ್ಲ.

ಲೇಪನ: ಲೇಪನ ಸವೆದು ಎದ್ದಿರುವ ಅಂಚುಗಳು ಒರಟಾಗಿರುತ್ತವೆ. ನಿಕಲ್ ಲೋಹಕ್ಕೆ ಅಲರ್ಜಿ ಇರುವವರಲ್ಲಿ ಅದರ ಸ್ಪರ್ಶದಿಂದಲೇ ತುರಿಕೆ ಮತ್ತು ದದ್ದು ಕಾಣಿಸಿಕೊಳ್ಳುತ್ತವೆ. ಕೈಗಡಿಯಾರದ ಪಟ್ಟಿ ಅಥವಾ ಅಗ್ಗದ ಓಲೆಯಿಂದ ತುರಿಕೆಯಾಗುವವರಿಗೆ ಸ್ಟೇನ್‌ಲೆಸ್ ಉಕ್ಕಿನ ರೇಜರ್ ಹೆಚ್ಚು ಸೂಕ್ತ.

ಶುಚಿ: ಒಣಗಿದ ಸಾಬೂನು ಮತ್ತು ಸುಣ್ಣದ ಕರೆಯನ್ನು ಬೆಚ್ಚಗಿನ ಸಾಬೂನು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಅನಂತರ ಶೇಕಡ 70ರ ಆಲ್ಕೋಹಾಲಿನಲ್ಲಿ ನೆನೆಸಿ ಒಣಗಿಸಬೇಕು. ಕೊಳೆಯನ್ನು ಮೊದಲು ತೆಗೆಯದಿದ್ದರೆ ಆಲ್ಕೋಹಾಲಿನ ಪರಿಣಾಮ ಕುಗ್ಗುತ್ತದೆ. ಬ್ಲೀಚಿಂಗ್ ದ್ರಾವಣ ಲೋಹವನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಅಥವಾ ಬೇಕಲೈಟ್ ಹಿಡಿಕೆಗಳು ಕುದಿಯುವ ನೀರಿನಲ್ಲಿ ಬಿರುಕು ಬಿಡಬಹುದು.

ಹಳೆಯ ಬ್ಲೇಡು ಮತ್ತು ಕುಂಚ: ರೇಜರಿನ ಡಬ್ಬಿಯಲ್ಲಿ ದೊರೆಯುವ ಹಳೆಯ ಬ್ಲೇಡುಗಳನ್ನು ಬಳಸಬಾರದು. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬ ನಂಬಿಕೆ ಸರಿಯಲ್ಲ. ಆ ರೋಗದ ಬ್ಯಾಕ್ಟೀರಿಯಾ ಮಣ್ಣು ಮತ್ತು ಗೊಬ್ಬರದಲ್ಲಿರುತ್ತದೆ. ಆದರೆ ತುಕ್ಕು ಹಿಡಿದ ಅಂಚು ಗರಗಸದಂತೆ ಚರ್ಮವನ್ನು ಹರಿಯುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಸಂಸ್ಕರಿಸದ ಕುದುರೆ ಕೂದಲಿನ ಕ್ಷೌರ ಕುಂಚಗಳಿಂದ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಆಂಥ್ರಾಕ್ಸ್ ರೋಗ ಹರಡಿದ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ರೇಜರ್ ಹಳೆಯದಾದರೂ ಕುಂಚ ಹೊಸದಾಗಿರುವುದು ಒಳ್ಳೆಯದು.

ಕ್ಷೌರದ ಕ್ರಮ

ನೀರನ್ನು ಹೀರಿಕೊಂಡ ಕೂದಲು ಉಬ್ಬಿ ಮೃದುವಾಗುತ್ತದೆ ಮತ್ತು ಅದನ್ನು ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಕಡಿಮೆಯಾಗುತ್ತದೆ. ಇದಕ್ಕೆ ಎರಡು ಮೂರು ನಿಮಿಷಗಳಾದರೂ ಬೇಕು. ಆದ್ದರಿಂದ ಸ್ನಾನದ ನಂತರದ ಕ್ಷೌರ ಅನುಕೂಲಕರ. ಅದು ಸಾಧ್ಯವಿಲ್ಲದಿದ್ದಾಗ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮುಖದ ಮೇಲೆ ಇಟ್ಟುಕೊಳ್ಳಬಹುದು.

ನೊರೆಯು ಕೂದಲಿನ ತೇವವನ್ನು ಹಿಡಿದಿಡುತ್ತದೆ ಮತ್ತು ಬ್ಲೇಡು ಜಾರಲು ನೆರವಾಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಕರಗದ ಗಸಿಯಾಗುವುದರಿಂದ ನೊರೆ ಬೇಗ ಒಡೆಯುತ್ತದೆ. ಕೊಳವೆಬಾವಿಯ ನೀರನ್ನು ಅವಲಂಬಿಸಿದ ಊರುಗಳಲ್ಲಿ ಇದು ದಿನನಿತ್ಯದ ಅನುಭವ. ನೊರೆ ಕಟ್ಟುವುದಕ್ಕೆ ಮಾತ್ರ ಒಂದು ಲೋಟ ಮಳೆನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ. ಮೈಸೋಪಿಗಿಂತ ಕ್ಷೌರದ ಸಾಬೂನು ಅಥವಾ ಕ್ರೀಮು ಮೇಲು.

ಬ್ಲೇಡನ್ನು ಅದರ ಹರಿತವಿಲ್ಲದ ಗಿಡ್ಡ ತುದಿಗಳಲ್ಲಿ ಹಿಡಿದು ಕೂರಿಸಬೇಕು. ರೇಜರಿನ ತಲೆಯನ್ನು ಕೆನ್ನೆಗೆ ಮುಟ್ಟಿಸಿ, ಬ್ಲೇಡು ಕೂದಲನ್ನು ಕತ್ತರಿಸತೊಡಗುವವರೆಗೆ ಹಿಡಿಕೆಯನ್ನು ನಿಧಾನವಾಗಿ ಕೆಳಗಿಳಿಸಿದಾಗ ಬ್ಲೇಡು ಮತ್ತು ಚರ್ಮದ ನಡುವೆ ಸುಮಾರು 30 ಡಿಗ್ರಿ ಕೋನ ಏರ್ಪಡುತ್ತದೆ. ಲೋಹದ ರೇಜರಿನ ತೂಕವೇ ಕತ್ತರಿಸಲು ಸಾಕಾಗುವುದರಿಂದ ಕೈಯಿಂದ ಒತ್ತಡ ಹಾಕುವ ಅಗತ್ಯವಿಲ್ಲ. ಪ್ಲಾಸ್ಟಿಕ್ ಕಾರ್ಟ್ರಿಜ್ ರೇಜರಿನ ತಲೆ ತಾನೇ ಓಲಾಡಿ ಮುಖದ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ. ಹಳೆಯ ರೇಜರಿನಲ್ಲಿ ಆ ಕೆಲಸವನ್ನು ಬಳಸುವವನ ಮಣಿಕಟ್ಟು ಮಾಡಬೇಕು. ಕಾರ್ಟ್ರಿಜ್‌ಗೆ ಒಗ್ಗಿಕೊಂಡವರು ಆರಂಭದಲ್ಲಿ ಗಾಯ ಮಾಡಿಕೊಳ್ಳುವುದು ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ.

ಗಡ್ಡದ ಕೂದಲು ಎಲ್ಲೆಡೆ ಒಂದೇ ದಿಕ್ಕಿನಲ್ಲಿ ಬೆಳೆಯುವುದಿಲ್ಲ. ಕೆನ್ನೆಯಲ್ಲಿ ಕೆಳಮುಖವಾಗಿಯೂ ಕತ್ತಿನಲ್ಲಿ ಓರೆಯಾಗಿಯೂ ಕೆಲವೆಡೆ ಮೇಲ್ಮುಖವಾಗಿಯೂ ಇರುತ್ತದೆ. ಬೆರಳಾಡಿಸಿ ನುಣುಪೆನಿಸುವ ದಿಕ್ಕನ್ನು ಕಂಡುಕೊಂಡು, ಅದೇ ದಿಕ್ಕಿನಲ್ಲಿ ಗಿಡ್ಡ ಎಳೆತಗಳಿಂದ ಮೊದಲ ಸುತ್ತು ಮುಗಿಸಬೇಕು. ಎರಡನೆಯ ಸುತ್ತು ಬೇಕೆನಿಸಿದರೆ ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಎಳೆಯಬಹುದು. ಗುಳ್ಳೆಗಳಾಗುವ ಪ್ರವೃತ್ತಿಯುಳ್ಳವರು ಕೂದಲಿನ ಎದುರು ದಿಕ್ಕಿನ ಎಳೆತವನ್ನು ಬಿಡುವುದೇ ಲೇಸು.

ಕ್ಷೌರದ ಬಳಿಕ ತಣ್ಣೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸುವಾಸನೆಯಿಲ್ಲದ ತೇವಕಾರಿ ಲೇಪವನ್ನು ಹಚ್ಚಬಹುದು. ಕ್ಷೌರದಂಗಡಿಗಳಲ್ಲಿ ಬಳಸುವ ಪಟಿಕದ ಕಲ್ಲು ಸಣ್ಣ ಗೀರುಗಳ ರಕ್ತವನ್ನು ನಿಲ್ಲಿಸುತ್ತದೆ. ಆದರೆ ಒಣ ಚರ್ಮವನ್ನು ಅದು ಮತ್ತಷ್ಟು ಒಣಗಿಸುತ್ತದೆ. ಒಂದೇ ಕಲ್ಲನ್ನು ಹಲವರ ಗಾಯಕ್ಕೆ ಉಜ್ಜುವುದು ಸುರಕ್ಷಿತವಲ್ಲ.

ಅಮೆರಿಕದ ಚರ್ಮವೈದ್ಯರ ಅಕಾಡೆಮಿಯು 5ರಿಂದ 7 ಕ್ಷೌರಗಳಿಗೊಮ್ಮೆ ಬ್ಲೇಡು ಬದಲಿಸುವಂತೆ ಸಲಹೆ ನೀಡುತ್ತದೆ. ದಟ್ಟ ಗಡ್ಡದವರಿಗೆ ಇನ್ನೂ ಬೇಗ ಬದಲಿಸಬೇಕಾಗಬಹುದು. ಕೂದಲು ಜಗ್ಗಿದಂತಾಗುವುದು ಬ್ಲೇಡು ಮೊಂಡಾದುದರ ಲಕ್ಷಣ.

ಕರ್ನಾಟಕದಲ್ಲಿ

ಕರ್ನಾಟಕದ ಗ್ರಾಮಗಳಲ್ಲಿ ಕ್ಷೌರವು ಬಹುಕಾಲ ಸವಿತಾ ಸಮಾಜ, ಹಡಪದ ಮುಂತಾದ ಸಮುದಾಯಗಳ ಕುಲವೃತ್ತಿಯಾಗಿತ್ತು. ಮಸೆದ ಕತ್ತಿಯೊಂದರಿಂದಲೇ ಹಲವರಿಗೆ ಕ್ಷೌರ ಮಾಡುವುದು ವಾಡಿಕೆಯಾಗಿತ್ತು. ಏಡ್ಸ್ ಕುರಿತ ಅರಿವು ಹರಡಿದ ಮೇಲೆ ಎರಡಂಚಿನ ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಕತ್ತಿ ಬಳಕೆಗೆ ಬಂದು, ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವ ಪದ್ಧತಿ ನೆಲೆಗೊಂಡಿತು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುಕಾರಕವಾಗಿ ಉಳಿಯಬಲ್ಲದು. ಆದ್ದರಿಂದ ಮನೆಯಲ್ಲಿಯೂ ತಂದೆ ಮಕ್ಕಳು ಒಂದೇ ಬ್ಲೇಡನ್ನು ಹಂಚಿಕೊಳ್ಳುವುದು ಸರಿಯಲ್ಲ.

ಚಾಮರಾಜನಗರ ಜಿಲ್ಲೆಯ ಬಂಡಳ್ಳಿ, ರಾಮಾಪುರ, ಕೌದಳ್ಳಿ ಮೊದಲಾದ ಊರುಗಳನ್ನೊಳಗೊಂಡ, ಹಿಂದೆ ಕೊಳ್ಳೇಗಾಲ ತಾಲೂಕಿಗೆ ಸೇರಿದ್ದ ಹನೂರು ತಾಲೂಕಿನಲ್ಲಿಯೇ ಮಲೆ ಮಹದೇಶ್ವರ ಬೆಟ್ಟವಿದೆ. ಅಲ್ಲಿ ಮಾದಪ್ಪನಿಗೆ ಹರಕೆಯ ಮುಡಿ ಕೊಡುವ ಸಂಪ್ರದಾಯವಿದ್ದು, ಹಸುಳೆಗಳಿಂದ ಹಿಡಿದು ವೃದ್ಧರವರೆಗೆ ಭಕ್ತರು ತಲೆ ಬೋಳಿಸಿಕೊಳ್ಳುತ್ತಾರೆ. ಮುಖಕ್ಷೌರದ ನಿಯಮಗಳು ಮುಡಿಗೂ ಅನ್ವಯಿಸುತ್ತವೆ. ಉದ್ದ ಕೂದಲನ್ನು ಮೊದಲು ಕತ್ತರಿಸಿ, ತಲೆಯನ್ನು ಚೆನ್ನಾಗಿ ನೆನೆಸಿ, ಕಣ್ಣೆದುರೇ ಹೊಸ ಬ್ಲೇಡು ಹಾಕಿಸಿಕೊಳ್ಳಬೇಕು. ಮಗುವಿನ ತಲೆಯಲ್ಲಿ ಕುರು ಅಥವಾ ಕಜ್ಜಿ ಇದ್ದಾಗ ಅದು ವಾಸಿಯಾಗುವವರೆಗೆ ಮುಡಿಯನ್ನು ಮುಂದೂಡುವುದು ಒಳಿತು. ಬೋಳಿಸಿದ ತಲೆಗೆ ಬಿಸಿಲು ನೇರವಾಗಿ ತಾಗುವುದರಿಂದ ಬಟ್ಟೆಯ ಮುಸುಕು ಬೇಕಾಗುತ್ತದೆ.

ಚಿಕಿತ್ಸೆ

ಸಾಧಾರಣ ಉರಿಯು ಒಂದೆರಡು ದಿನಗಳಲ್ಲಿ ತಾನಾಗಿ ಶಮನಗೊಳ್ಳುತ್ತದೆ. ಅಲ್ಲಿಯವರೆಗೆ ಕ್ಷೌರವನ್ನು ನಿಲ್ಲಿಸಿ ತಣ್ಣೀರಿನ ಬಟ್ಟೆಯನ್ನು ಒತ್ತಬಹುದು. ಒಳಬೆಳೆದ ಕೂದಲಿನ ಗುಳ್ಳೆಗಳನ್ನು ಹಿಸುಕಬಾರದು. ಕೆಲವು ವಾರ ಗಡ್ಡ ಬಿಟ್ಟರೆ ಬಹಳಷ್ಟು ಕೂದಲು ತಾವಾಗಿ ಹೊರಬರುತ್ತವೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟೆರಾಯ್ಡ್ ಮಿಶ್ರಿತ ಮುಲಾಮುಗಳನ್ನು ಮುಖಕ್ಕೆ ಹಚ್ಚುವ ಅಭ್ಯಾಸ ಭಾರತದಲ್ಲಿ ವ್ಯಾಪಕವಾಗಿದೆ. ಮೊದಲು ಉರಿ ತಗ್ಗಿದಂತೆ ಕಂಡರೂ ದೀರ್ಘಕಾಲದ ಬಳಕೆಯಿಂದ ಚರ್ಮ ತೆಳುವಾಗಿ ಮೊಡವೆ ಮತ್ತು ಶಿಲೀಂಧ್ರ ಸೋಂಕು ಹೆಚ್ಚುತ್ತವೆ. ಕೀವು, ಜ್ವರ, ಹರಡುವ ಕೆಂಪು ಅಥವಾ ಗಂಟುಕಟ್ಟುವ ಕಲೆಗಳಿದ್ದಲ್ಲಿ ಚರ್ಮವೈದ್ಯರನ್ನು ಕಾಣುವುದು ಅಗತ್ಯ.

ಬ್ಲೇಡಿನ ವಿಲೇವಾರಿ

ಬಳಸಿದ ಬ್ಲೇಡುಗಳನ್ನು ಬಿಡಿಯಾಗಿ ಎಸೆದರೆ ಪೌರಕಾರ್ಮಿಕರ ಕೈಗಳಿಗೂ ತಿಪ್ಪೆ ಮೇಯುವ ದನಗಳಿಗೂ ಗಾಯವಾಗುತ್ತದೆ. ಮುಚ್ಚಳದಲ್ಲಿ ಸೀಳು ಮಾಡಿದ ತಗಡಿನ ಡಬ್ಬಿಯಲ್ಲಿ ಅವುಗಳನ್ನು ಸಂಗ್ರಹಿಸಿ, ತುಂಬಿದ ಮೇಲೆ ಸೀಳನ್ನು ಮುಚ್ಚಿ, ಗುರುತು ಬರೆದು ಪ್ರತ್ಯೇಕವಾಗಿ ಕಸ ಸಂಗ್ರಹಿಸುವವರಿಗೆ ಒಪ್ಪಿಸುವುದು ಸುರಕ್ಷಿತ ಕ್ರಮವಾಗಿದೆ.