ದಾಳಿಂಬೆಗೆ ಅಂಗಾಂಶ ಕೃಷಿಯ ಸಸಿ: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಬದುವಿನ ಮೇಲೆ ಬಿದ್ದ ಪಾಪಾಸುಕಳ್ಳಿಯ ತುಂಡು ಒಂದು ಮಳೆಗೇ ಬೇರು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಮುಳ್ಳುಗಳ ಬುಡದಲ್ಲಿ ಮೊಗ್ಗುಗಳು ಅಡಗಿರುತ್ತವೆ. ಅಲಂಕಾರಿಕ ಕಳ್ಳಿಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸುವವರು ಇಂಥ ಮೊಗ್ಗುಳ್ಳ ಚೂರನ್ನೇ ಗಾಜಿನ ಬಾಟಲಿಯಲ್ಲಿಟ್ಟು ಹಲವು ಸಸಿಗಳನ್ನು ಪಡೆಯುತ್ತಾರೆ. ಇದೇ ಅಂಗಾಂಶ ಕೃಷಿ. ಗಂಗಾವತಿ ಕಡೆಯ ಬಾಳೆ ಬೆಳೆಗಾರರಿಗೆ ಇದು ಹೊಸದಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ದಾಳಿಂಬೆ ಹಾಕುವ ರೈತರೂ ಇದರ ಗುಣ ಮತ್ತು ಮಿತಿ ಎರಡನ್ನೂ ಅರಿಯಬೇಕು.

ಗೂಟಿಯ ತೊಂದರೆ

ದುಂಡಾಣು ಅಂಗಮಾರಿ ರೋಗವು ನಮ್ಮ ದೇಶದಲ್ಲಿ 1952ರಲ್ಲಿ ದೆಹಲಿಯಲ್ಲಿ ಮೊದಲು ವರದಿಯಾಯಿತು. 2000ದ ನಂತರದ ವರ್ಷಗಳಲ್ಲಿ ಉತ್ತರ ಕರ್ನಾಟಕದ ಅನೇಕ ತೋಟಗಳು ಇದರಿಂದ ಹಾಳಾದವು. ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಕಲೆ ಹಾಗೂ ಸೀಳು ಇದರ ಲಕ್ಷಣ. ರೋಗದ ಗಿಡದಿಂದ ಕಟ್ಟಿದ ಗೂಟಿಯಲ್ಲಿ ರೋಗವೂ ಜೊತೆಗೇ ಬರುತ್ತದೆ. ಅಗ್ಗವೆಂದು ತಂದ ಗೂಟಿಯಿಂದ ಹೊಸ ಹೊಲಕ್ಕೆ ರೋಗವನ್ನು ನಾವೇ ಹೊತ್ತು ತಂದಂತಾಗುತ್ತದೆ.

ಸಸಿ ತಯಾರಾಗುವ ಬಗೆ

ಪರೀಕ್ಷಿಸಿದ ತಾಯಿಗಿಡದ ಎಳೆಯ ಕೊಂಬೆಯಿಂದ ಒಂದೊಂದು ಗೆಣ್ಣಿನ ತುಂಡು ಕತ್ತರಿಸಿ, ಸೋಂಕು ತೊಳೆದು, ಲವಣ, ಸಕ್ಕರೆ ಮತ್ತು ಸಸ್ಯಚೋದಕಗಳಿರುವ ಆಹಾರ ಮಾಧ್ಯಮದಲ್ಲಿ ಇಡುತ್ತಾರೆ. ದಾಳಿಂಬೆಯ ತುಂಡಿನಿಂದ ಒಸರುವ ಒಗರು ರಸ ಮಾಧ್ಯಮವನ್ನು ಕಂದು ಮಾಡಿ ಚಿಗುರನ್ನು ಕೊಲ್ಲುವುದರಿಂದ ತುಂಡುಗಳನ್ನು ಮೇಲಿಂದ ಮೇಲೆ ಹೊಸ ಮಾಧ್ಯಮಕ್ಕೆ ಬದಲಿಸಬೇಕಾಗುತ್ತದೆ. ಸಸಿಯ ಬೆಲೆ ಹೆಚ್ಚಾಗಲು ಇಂಥ ಕೆಲಸವೂ ಒಂದು ಕಾರಣ. ಬೇರು ಬಂದ ಸಸಿಯನ್ನು ಮೊದಲು ತೇವ ತುಂಬಿದ ಮನೆಯಲ್ಲಿ, ನಂತರ ನೆರಳು ಪರದೆಯಡಿ ಹದಗೊಳಿಸುತ್ತಾರೆ. ಹದಗೊಳ್ಳದ ಸಸಿ ನಮ್ಮ ಬಿಸಿಲಿಗೆ ಬಾಡಿ ಸಾಯುತ್ತದೆ.

ಕೊಳ್ಳುವಾಗ

1. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಲ್ಲಿ ಆರಂಭಿಸಿದ ಪ್ರಮಾಣೀಕರಣ ವ್ಯವಸ್ಥೆಯಡಿ ಮಾನ್ಯತೆ ಪಡೆದ ಪ್ರಯೋಗಾಲಯವೇ ಎಂದು ವಿಚಾರಿಸಿರಿ.

2. ತಾಯಿಗಿಡವನ್ನು ಅಂಗಮಾರಿ ದುಂಡಾಣುವಿಗಾಗಿ ಪರೀಕ್ಷಿಸಲಾಗಿದೆಯೇ ಎಂದು ಪ್ರತ್ಯೇಕವಾಗಿ ಕೇಳಿರಿ.

3. ರಸೀದಿಯಲ್ಲಿ ತಳಿಯ ಹೆಸರು ಬರೆಸಿಕೊಳ್ಳಿರಿ.

4. ಬಿಸಿಲಿಗೆ ಹದಗೊಂಡ, ಚೆನ್ನಾಗಿ ಬೇರು ತುಂಬಿದ ಚೀಲದ ಸಸಿಗಳನ್ನೇ ಆರಿಸಿರಿ.

ಮಿತಿ ಮರೆಯಬಾರದು

ರೋಗವಿಲ್ಲದ ಸಸಿ ಎಂದರೆ ರೋಗ ತಾಳುವ ಸಸಿಯಲ್ಲ. ಪಕ್ಕದ ತೋಟದಿಂದ ಗಾಳಿ–ಮಳೆಯ ಹನಿಯೊಡನೆ ಬರುವ ದುಂಡಾಣು ಈ ಗಿಡಕ್ಕೂ ತಗಲುತ್ತದೆ. ಆದ್ದರಿಂದ ರೋಗ ಬಂದ ಹಳೆಯ ತೋಟದಿಂದ ದೂರದಲ್ಲಿ ನಾಟಿ ಮಾಡಬೇಕು. ಸಾಲಿನಿಂದ ಸಾಲಿಗೆ 4.5 ಮೀಟರ್, ಗಿಡದಿಂದ ಗಿಡಕ್ಕೆ 3 ಮೀಟರ್ ಅಂತರ ಸಾಕು. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದಬೇಕು. ಸವರಿದ ನಂತರ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಅಂಗಮಾರಿ ಇರುವ ಪ್ರದೇಶದಲ್ಲಿ ಮಳೆಗಾಲದ ಫಸಲು ಬಿಟ್ಟು ಹಸ್ತ ಬಹಾರ್ ಹಿಡಿಯುವುದು ಲೇಸು.

ಒಳ್ಳೆಯ ಸಸಿಯಿಂದ ತೋಟ ಶುಭ್ರವಾಗಿ ಆರಂಭವಾಗುತ್ತದೆ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಬೆಳೆಗಾರನ ಕೈಯಲ್ಲಿದೆ.