ಸುತ್ತಲೂ ಕಡಲಿದ್ದರೆ ಸಾಲದು: ಲಕ್ಷದ್ವೀಪದ ಮೀನುಗಾರಿಕೆಯ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗಳು ನಿಲ್ಲುವ ಕಡೆಗೆ ಒಮ್ಮೆ ಹೋಗಿ ನೋಡಿ. ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ಹೇರಿಕೊಂಡು ಪಡುವಣಕ್ಕೆ ಹೊರಡುವ ಆ ಮರದ ಹಡಗುಗಳು ಹೋಗಿ ಸೇರುವುದು ಲಕ್ಷದ್ವೀಪವನ್ನು. ಮಳೆಗಾಲ ಸಮೀಪಿಸಿತೆಂದರೆ, ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಅವುಗಳ ಓಡಾಟ ನಿಲ್ಲುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದ್ವೀಪದ ಮೀನುಗಾರರೂ ತಮ್ಮ ದೋಣಿಗಳನ್ನು ದಡಕ್ಕೆ ಎಳೆದಿಟ್ಟಿರುತ್ತಾರೆ.

ಇಷ್ಟು ಹತ್ತಿರದ ನೆರೆಯವರ ಬದುಕಿನ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ತಿಳಿದಿದೆ ಎಂದುಕೊಂಡಿರುವುದರಲ್ಲೂ ಬಹುಪಾಲು ತಪ್ಪು. ಮಲ್ಪೆ, ಗಂಗೊಳ್ಳಿ, ಕಾರವಾರಗಳಲ್ಲಿ ಕಂಡದ್ದನ್ನೇ ಅಳತೆಗೋಲು ಮಾಡಿಕೊಂಡು ನಾವು ಹವಳದ ದ್ವೀಪವನ್ನು ಅಳೆಯುತ್ತೇವೆ. ಆ ಕಡಲು ಬೇರೆ, ಅದರ ಲೆಕ್ಕವೂ ಬೇರೆ.

ತಪ್ಪು ಕಲ್ಪನೆ 1: ಲಕ್ಷದ್ವೀಪಕ್ಕೂ ಕನ್ನಡ ಕರಾವಳಿಗೂ ಸಂಬಂಧವಿಲ್ಲ

ಸತ್ಯ: ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಸೇರಿದ ಅಮಿನ್‌ದಿವಿ ಗುಂಪು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿನವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿ ಕೊಂಡೊಯ್ಯುತ್ತಿದ್ದರು. ರಾಜ್ಯಗಳ ಮರುವಿಂಗಡಣೆಯ ದಿನವೇ ಆ ದ್ವೀಪಗಳು ಮಲಬಾರಿಗೆ ಸೇರಿದ್ದ ಉಳಿದ ದ್ವೀಪಗಳೊಂದಿಗೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಹೆಸರಿನಲ್ಲಿ ಲಕ್ಷವಿದ್ದರೂ ಎಣಿಕೆಗೆ ಸಿಗುವುದು 36 ದ್ವೀಪ. ಜನ ವಾಸಿಸುವುದು 10ರಲ್ಲಿ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್, ಅಂದರೆ ನಮ್ಮ ಒಂದು ಸಾಧಾರಣ ಪಟ್ಟಣದಷ್ಟು.

ತಪ್ಪು ಕಲ್ಪನೆ 2: ಸುತ್ತಲೂ ಸಮುದ್ರವಿರುವಾಗ ವರ್ಷವಿಡೀ ಮೀನಿಗೆ ಬರವಿಲ್ಲ

ಸತ್ಯ: ದ್ವೀಪದ ಮೀನುಗಾರಿಕೆ ನಡೆಯುವುದು ಗಾಳಿಯ ಅಪ್ಪಣೆಯಂತೆ. ಅಲ್ಲಿನ ಮುಖ್ಯ ಮೀನು ಸ್ಕಿಪ್‌ಜಾಕ್ ಎಂಬ ಜಾತಿಯ ಟ್ಯೂನಾ. ಟ್ಯೂನಾವನ್ನು ದ್ವೀಪದವರು ಚೂರ ಎನ್ನುತ್ತಾರೆ. ಅಕ್ಟೋಬರ್ ಹೊತ್ತಿಗೆ ಕಡಲು ತಣಿದಾಗ ಚೂರದ ಕಾಲ ಶುರುವಾಗಿ, ಬೇಸಿಗೆಯ ಕೊನೆಯವರೆಗೂ ನಡೆಯುತ್ತದೆ. ಮೇ ತಿಂಗಳಲ್ಲಿ ಗಾಳಿ ದಿಕ್ಕು ಬದಲಿಸಿ ಬಿರುಸಾಗುತ್ತಿದ್ದಂತೆ ದೋಣಿಗಳು ಒಂದೊಂದಾಗಿ ತೆಂಗಿನ ತೋಪಿನ ನೆರಳು ಸೇರುತ್ತವೆ.

ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಡಲಿಗೆ ಹೋಗುವ ಮಾತೇ ಇಲ್ಲ. ದ್ವೀಪವನ್ನು ಸುತ್ತುವರಿದ ಹವಳದ ದಿಬ್ಬದಲ್ಲಿ ದೋಣಿ ದಾಟಬಹುದಾದ ಕಿಂಡಿಗಳು ಕೆಲವೇ. ಅಲೆ ಒಡೆಯುವ ದಿನಗಳಲ್ಲಿ ಅವನ್ನು ದಾಟುವುದು ಜೀವಕ್ಕೇ ಕುತ್ತು. ಆಗ ಮನೆಗೆ ಮೀನು ಬರುವುದು ದಿಬ್ಬದ ಒಳಗಿನ ಆಳವಿಲ್ಲದ ತಿಳಿಗಡಲಿನಿಂದ, ಅಂದರೆ ಲಗೂನ್‌ನಿಂದ. ಕೈಬಲೆ, ಸಣ್ಣ ಗಾಳಗಳದ್ದೇ ಆಗ ಕೆಲಸ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದಲ್ಲಿ ದಿಬ್ಬದ ಮೈ ಬರಿದಾದಾಗ, ಹೆಂಗಸರೂ ಮಕ್ಕಳೂ ನಡೆದುಹೋಗಿ ಚಿಪ್ಪು, ಸಣ್ಣಮೀನು ಆಯ್ದು ತರುತ್ತಾರೆ. ಬಂಡೆಯ ಸಂದಿಗಳಲ್ಲಿ ಅಡಗಿದ ಆಕ್ಟೋಪಸ್ ಅನ್ನು ಕಬ್ಬಿಣದ ಸಲಾಕೆಯಿಂದ ತಿವಿದು ಹೊರಗೆಳೆಯುವುದು ಕಣ್ಣಿನ ಚುರುಕು ಬೇಡುವ ಹಳೆಯ ವಿದ್ಯೆ. ದ್ವೀಪದವರ ಬಾಯಲ್ಲಿ ಅದು ಅಪ್ಪಲ್.

ತಪ್ಪು ಕಲ್ಪನೆ 3: ನೀರು ಎಷ್ಟು ತಿಳಿಯೋ ಮೀನು ಅಷ್ಟು ಹೆಚ್ಚು

ಸತ್ಯ: ಪ್ರವಾಸಿಯ ಕಣ್ಣಿಗೆ ಹಬ್ಬವಾಗುವ ಆ ನೀಲಿ, ಮೇಲ್ನೀರಿನಲ್ಲಿ ಆಹಾರ ಕಡಿಮೆ ಎಂಬುದರ ಗುರುತು. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹೇರಳವಾಗಿದ್ದರೆ ಕಡಲು ಹಸಿರು ಕದಡಿದಂತೆ ಕಾಣುತ್ತದೆ. ಕೇರಳ, ಕರ್ನಾಟಕಗಳ ಕರಾವಳಿಯಲ್ಲಿ ಮುಂಗಾರಿನ ಕಾಲಕ್ಕೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ನದಿಗಳೂ ಮಣ್ಣಿನ ಸಾರವನ್ನು ತಂದು ಸುರಿಯುತ್ತವೆ. ಬೂತಾಯಿ, ಬಂಗುಡೆಗಳ ರಾಶಿ ನಮಗೆ ಸಿಗುವುದು ಆ ಕದಡಿದ ನೀರಿನ ಪುಣ್ಯದಿಂದ.

ಹವಳದ ದ್ವೀಪದಲ್ಲಿ ನದಿಯಿಲ್ಲ. ಅಲ್ಲಿ ಸಮೃದ್ಧಿ ಇರುವುದು ದಿಬ್ಬದಲ್ಲಿ ಮತ್ತು ಲಗೂನ್‌ನ ಹುಲ್ಲುಗಾವಲಿನಲ್ಲಿ. ಹವಳವು ತನ್ನೊಳಗಿನ ಪಾಚಿಯಿಂದ ಆಹಾರ ಪಡೆದು, ಇದ್ದಷ್ಟು ಸಾರವನ್ನೇ ಮತ್ತೆ ಮತ್ತೆ ಬಳಸಿಕೊಳ್ಳುತ್ತದೆ. ಬಡ ಕಡಲಿನ ನಡುವೆ ಎದ್ದು ನಿಂತ ಜಾಣ ಸಂಸಾರ ಅದು. ಅಂಥ ಮನೆಯಿಂದ ಕೈಬಿಚ್ಚಿ ಬಾಚಿಕೊಂಡರೆ ಮತ್ತೆ ತುಂಬಲು ಬಹಳ ಕಾಲ ಬೇಕು.

ತಪ್ಪು ಕಲ್ಪನೆ 4: ಟ್ಯೂನಾ ಹಿಡಿಯಲು ದೊಡ್ಡ ಹಡಗು, ದೊಡ್ಡ ಬಲೆ ಬೇಕು

ಸತ್ಯ: ಲಕ್ಷದ್ವೀಪದ ಚೂರ ಬರುವುದು ಒಂದು ಗಳ, ಒಂದು ದಾರ, ಒಂದು ಕೊಕ್ಕೆಗೆ. ಈ ವಿದ್ಯೆಯ ತವರು ತೆಂಕಣ ತುದಿಯ ಮಿನಿಕಾಯ್. ಅಲ್ಲಿನವರು ತಮ್ಮ ದ್ವೀಪವನ್ನು ಮಾಲಿಕು ಎನ್ನುತ್ತಾರೆ, ಮಾಲ್ಡೀವ್ಸ್‌ನ ನುಡಿಗೆ ಹತ್ತಿರದ ಮಹಲ್ ಭಾಷೆ ಆಡುತ್ತಾರೆ. ಮಾಲ್ಡೀವ್ಸ್‌ನಲ್ಲೂ ಇದೇ ಕಸುಬು. 1960ರ ದಶಕದಲ್ಲಿ ಯಂತ್ರದ ದೋಣಿಗಳು ಬಂದ ಮೇಲೆ ಈ ವಿದ್ಯೆ ಉಳಿದ ದ್ವೀಪಗಳಿಗೂ ಹಬ್ಬಿತು.

ಬೆಳಗಾಗುವ ಹೊತ್ತಿಗೆ ಲಗೂನ್‌ನಲ್ಲಿ ಬಲೆಯನ್ನು ತಳಕ್ಕಿಳಿಸಿ, ಸಣ್ಣ ಮೀನುಗಳು ಮೇಲೆ ಸೇರಿದಾಗ ಎತ್ತುತ್ತಾರೆ. ಇವು ಎರೆಮೀನು, ದ್ವೀಪದ ಮಾತಿನಲ್ಲಿ ಚಾಳ. ಅವನ್ನು ಜೀವಂತ ಉಳಿಸಲು ದೋಣಿಯ ಹೊಟ್ಟೆಯಲ್ಲೇ ಒಂದು ತೊಟ್ಟಿ. ಅದರ ತಳದ ತೂತುಗಳಿಂದ ಕಡಲ ನೀರು ಒಳಬಂದು ಹರಿಯುತ್ತಲೇ ಇರುತ್ತದೆ. ಹೊರಗಡಲಿನಲ್ಲಿ ಚೂರದ ಹಿಂಡಿನ ಸುಳಿವು ಕೊಡುವುದು ಹಕ್ಕಿಗಳು. ಕಡಲಕ್ಕಿಗಳು ಗುಂಪುಗೂಡಿ ನೀರಿಗೆರಗುವ ಕಡೆ ಚೂರ ಇದೆಯೆಂದು ಲೆಕ್ಕ. ತೇಲಿಬಂದ ಮರದ ದಿಮ್ಮಿಯ ಕೆಳಗೂ ಹಿಂಡು ಸೇರುತ್ತದೆ.

ಹಿಂಡಿನ ಬಳಿ ಬಂದೊಡನೆ ಒಬ್ಬ ಎರೆಮೀನು ಚೆಲ್ಲುತ್ತಾನೆ, ಇನ್ನೊಂದು ಕಡೆಯಿಂದ ನೀರು ಚಿಮುಕಿಸುತ್ತಾರೆ. ಮೇಲ್ಮೈ ಮಳೆಹನಿ ಬಿದ್ದಂತೆ ಅಲುಗಾಡಿ, ದೋಣಿಯೂ ಮನುಷ್ಯರೂ ಮರೆಯಾಗುತ್ತಾರೆ. ಚೂರಕ್ಕೆ ಕಾಣುವುದು ಚಿಮ್ಮುವ ಸಣ್ಣಮೀನಿನ ಹಿಂಡು ಮಾತ್ರ. ಹೊಳೆಯುವ ಕೊಕ್ಕೆಯನ್ನೂ ಅದು ಮೀನೆಂದೇ ನುಂಗುತ್ತದೆ. ಕೊಕ್ಕೆಗೆ ಹಿಮ್ಮುಳ್ಳಿಲ್ಲ. ಗಳವನ್ನು ಬೀಸಿ ಎತ್ತಿದರೆ ಮೀನು ತಲೆಯ ಮೇಲಿಂದ ಹಾರಿ ಬಂದು ತಾನಾಗಿ ಕಳಚಿ ದೋಣಿಯೊಳಗೆ ಬೀಳುತ್ತದೆ, ಗಳ ಮರುಕ್ಷಣ ಮತ್ತೆ ನೀರಿಗೆ. ಒಂದು ಸಲಕ್ಕೆ ಒಂದೇ ಮೀನು. ಆಮೆ, ಡಾಲ್ಫಿನ್, ಮರಿಮೀನುಗಳ ಹೆಣ ಬಲೆಯಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ.

ತಪ್ಪು ಕಲ್ಪನೆ 5: ಹಾಗಿದ್ದರೆ ಗಳದ ಮೀನುಗಾರಿಕೆಗೆ ಯಾವ ಮಿತಿಯೂ ಇಲ್ಲ

ಸತ್ಯ: ಮಿತಿ ಇದೆ, ಅದು ಎರೆಮೀನಿನಲ್ಲಿದೆ. ಹೊರಗಡಲಿನಲ್ಲಿ ಚೂರ ಎಷ್ಟೇ ಇರಲಿ, ಬೆಳಿಗ್ಗೆ ಎರೆಮೀನು ಸಿಗದಿದ್ದರೆ ಆ ದಿನದ ದೋಣಿ ಹೊರಡುವುದಿಲ್ಲ. ಎರೆಗೆ ಒದಗುವ ಬೆಳ್ಳಿ ಬಣ್ಣದ ಕಿರುಮೀನುಗಳ ಆಯುಸ್ಸು ಒಂದು ವರ್ಷವೂ ಇಲ್ಲ. ಕೆಲವು ಎರೆಮೀನುಗಳು ಕವಲೊಡೆದ ಹವಳದ ಕೊಂಬೆಗಳ ನಡುವೆಯೇ ಬದುಕುತ್ತವೆ. ಹವಳ ಸತ್ತರೆ ಅವಕ್ಕೂ ಮನೆ ಇಲ್ಲ.

ಜನವಸತಿಯ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಆಂದ್ರೋತ್‌ಗೆ ಹೇಳಿಕೊಳ್ಳುವಂಥ ಲಗೂನ್ ಇಲ್ಲ. ದ್ವೀಪದ ಮೀನುಗಾರಿಕೆಯನ್ನು ಅಳೆಯಲು ನೆಲದ ವಿಸ್ತೀರ್ಣ ನೋಡಿ ಪ್ರಯೋಜನವಿಲ್ಲ ಎನ್ನಲು ಅದೊಂದೇ ಸಾಕು. 32 ಚದರ ಕಿಲೋಮೀಟರ್ ನೆಲಕ್ಕೆ ಸುಮಾರು 4,200 ಚದರ ಕಿಲೋಮೀಟರ್ ಲಗೂನ್ ಇದೆ. ಹೊರಗಡಲಿನ ಬೇಟೆಗೆ ಬೇಕಾದ ಬಂಡವಾಳವೆಲ್ಲ ಇರುವುದು ಅಲ್ಲಿ.

ತಪ್ಪು ಕಲ್ಪನೆ 6: ಮಳೆಗಾಲದಲ್ಲಿ ಎಲ್ಲ ಮೀನೂ ಮೊಟ್ಟೆ ಇಡುತ್ತವೆ, ರಜೆ ಅದಕ್ಕಾಗಿಯೇ

ಸತ್ಯ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಬೂತಾಯಿ, ಬಂಗುಡೆಗಳಂಥ ಮೀನುಗಳ ಮಟ್ಟಿಗೆ ಮಳೆಗಾಲ ಮರಿಗಳ ಕಾಲವೇ ಸರಿ. ಆದ್ದರಿಂದ ನಮ್ಮ ಟ್ರಾಲ್, ಪರ್ಸೀನ್ ಬೋಟುಗಳು ದಡದಲ್ಲಿರುವುದು ನ್ಯಾಯ. ಚೂರದ ಸಂಗತಿ ಹಾಗಲ್ಲ. ಬೆಚ್ಚಗಿನ ಕಡಲಿನಲ್ಲಿ ಅದು ವರ್ಷದುದ್ದಕ್ಕೂ ಮೊಟ್ಟೆ ಇಡುತ್ತದೆ. ದ್ವೀಪದವರನ್ನು ದಡದಲ್ಲಿ ಕೂರಿಸುವುದು ಕಡಲಿನ ಆರ್ಭಟ.

ಆದರೂ ಆ ಬಿಡುವಿನ ಫಲ ಲಗೂನ್‌ಗೆ ಸಿಗುತ್ತದೆ. ದೋಣಿ ಹೊರಡದ ತಿಂಗಳುಗಳಲ್ಲಿ ಎರೆಮೀನಿನ ಬೇಡಿಕೆ ಇಲ್ಲ, ಅವುಗಳ ಹಿಂಡು ಚೇತರಿಸಿಕೊಳ್ಳಲು ಸಮಯ. ನಮ್ಮ ಕರಾವಳಿಯಲ್ಲಿ ನೂಲ ಹುಣ್ಣಿಮೆಯ ಸಮುದ್ರಪೂಜೆ ಮುಗಿಸಿ ಕಡಲಿಗಿಳಿಯುವ ಪದ್ಧತಿಯ ಹಿಂದೆ ಇರುವುದೂ ಇದೇ ತಿಳಿವಳಿಕೆ: ಕಡಲಿಗೆ ಎದುರಾಡಬಾರದು, ಅದಕ್ಕೂ ಉಸಿರಾಡಲು ಬಿಡಬೇಕು.

ತಪ್ಪು ಕಲ್ಪನೆ 7: ಹವಳ ಒಂದು ಕಲ್ಲು, ಅದಕ್ಕೇನೂ ಆಗದು

ಸತ್ಯ: ಹವಳ ಒಂದು ಜೀವಿ. ಕಲ್ಲಿನಂತೆ ಕಾಣುವುದು ಅದು ಕಟ್ಟಿಕೊಂಡ ಸುಣ್ಣದ ಗೂಡು. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳವು ಅನ್ನ ಕೊಡುವ ಪಾಚಿಯನ್ನು ಹೊರಗಟ್ಟಿ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಎಲ್ ನಿನೋ ಬಿಸಿಯಿಂದ 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ 24 ವರ್ಷ ನಡೆಸಿದ ಗಮನಿಕೆಯಲ್ಲಿ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿರುವುದು ಕಂಡಿದೆ.

ದಿಬ್ಬ ಸವೆದರೆ ಅಲೆಯ ಹೊಡೆತ ನೇರ ದಡಕ್ಕೆ. ದ್ವೀಪದ ಮರಳೂ ಹವಳದ್ದೇ ಆದ್ದರಿಂದ, ಹವಳದ ಸಾವು ಅಲ್ಲಿನವರಿಗೆ ಕಾಲ ಕೆಳಗಿನ ನೆಲದ ಪ್ರಶ್ನೆ.

ತಪ್ಪು ಕಲ್ಪನೆ 8: ಆಮೆಗಳಿಂದ ಮೀನು ಕಡಿಮೆಯಾಯಿತು ಎಂಬ ಮೀನುಗಾರರ ದೂರು ಬರೀ ನೆಪ

ಸತ್ಯ: ಮೀನುಗಾರರ ಮಾತನ್ನೇ ಅಧ್ಯಯನ ಎತ್ತಿಹಿಡಿದ ಉದಾಹರಣೆ ಇದು. ಅಗತ್ತಿಯ ಲಗೂನ್‌ನಲ್ಲಿ ಹಸಿರು ಕಡಲಾಮೆಗಳು ಹೆಚ್ಚಿ, ಕಡಲಹುಲ್ಲನ್ನು ಬುಡದವರೆಗೂ ಮೇಯ್ದವು. ಆಮೆ ಮೇಯ್ದ ಹುಲ್ಲುಗಾವಲಿನಲ್ಲಿ ಮೀನು ಕಡಿಮೆ ಇರುವುದನ್ನು ಸಂಶೋಧಕರೂ ಅಳೆದು ಕಂಡರು. ಆ ಹುಲ್ಲು ಮೀನುಮರಿಗಳ ತೊಟ್ಟಿಲು. ಅದು ಹೋದರೆ ಮರಿಗಳಿಗೆ ಮರೆಯಿಲ್ಲ.

ಹಾಗೆಂದು ಆಮೆಯನ್ನು ಕೊಲ್ಲಬೇಕೆಂಬ ತೀರ್ಮಾನ ತಪ್ಪು. ಅದು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಜೀವಿ. ಇಲ್ಲಿ ಕಲಿಯಬೇಕಾದದ್ದು ಇಷ್ಟು: ದಿನವೂ ನೀರು ನೋಡುವವರು ಏನಾದರೂ ಹೇಳಿದರೆ ಅದನ್ನು ತಳ್ಳಿಹಾಕುವ ಮೊದಲು ಪರೀಕ್ಷಿಸಿ ನೋಡಬೇಕು.

ತಪ್ಪು ಕಲ್ಪನೆ 9: ಚೆನ್ನಾಗಿ ಬೇಯಿಸಿದರೆ ಕೆಟ್ಟ ಟ್ಯೂನಾ ಕೂಡ ತಿನ್ನಬಹುದು; ಒಣಮೀನು ಮಾಡುವುದೇ ಹಳಸಿದ್ದನ್ನು ಉಳಿಸಲು

ಸತ್ಯ: ಎರಡೂ ತಪ್ಪು. ಹಿಡಿದ ಟ್ಯೂನಾವನ್ನು ತಂಪಿನಲ್ಲಿಡದೆ ಬಿಸಿಲಿಗೆ ಬಿಟ್ಟರೆ ಬ್ಯಾಕ್ಟೀರಿಯಾಗಳಿಂದ ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ತುರಿಕೆ, ವಾಂತಿ ಬರಬಹುದು. ಬಾಯಿಗಿಟ್ಟಾಗ ಮೆಣಸಿನಂತೆ ಚುರುಗುಟ್ಟಿದರೆ ಆ ಮೀನನ್ನು ಬಿಟ್ಟುಬಿಡಿ.

ಮಂಜುಗಡ್ಡೆಯಿಲ್ಲದ ಕಾಲದಲ್ಲಿ ದ್ವೀಪದವರು ಇದಕ್ಕೆ ಕಂಡುಕೊಂಡ ಉತ್ತರ ಮಾಸ್. ತಾಜಾ ಚೂರವನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಬಿಸಿಲಿನಲ್ಲಿ ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಸಿಗೆಯ ಸುಗ್ಗಿ ಮಳೆಗಾಲದ ಸಾರಿಗೆ ಒದಗುವುದು ಹೀಗೆ. ಮಾಸ್ ಚೆನ್ನಾಗಿ ಬರಬೇಕಾದರೆ ಮೀನು ಹೊಸದಾಗಿಯೇ ಇರಬೇಕು.

ಓದುಗರಿಗೆ ಒಂದು ಮಾತು

ಲಕ್ಷದ್ವೀಪದ ಜನ ಬಹುಕಾಲ ಹೊರಗಡಲಿನ ಚೂರವನ್ನೇ ನೆಚ್ಚಿದ್ದರು. ದಿಬ್ಬದ ಮೀನಿಗೆ ಅಷ್ಟಾಗಿ ಕೈಹಾಕಿರಲಿಲ್ಲ. ದಿಬ್ಬ ಪ್ರತಿ ಹೊಡೆತದ ನಂತರವೂ ತಕ್ಕಮಟ್ಟಿಗಾದರೂ ಚೇತರಿಸಿಕೊಳ್ಳಲು ಅದೂ ಒಂದು ಕಾರಣ. ಈಗ ದಿಬ್ಬದ ಮೀನಿಗೂ ಹೊರಗಿನಿಂದ ಬೇಡಿಕೆ ಬಂದಿದೆ. ಸತ್ತ ಹವಳದ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿಂದು, ಹೊಸ ಹವಳ ಕೂರಲು ಜಾಗ ಮಾಡಿಕೊಡುವುದು ಗಿಳಿಮೀನು. ಅದು ತಟ್ಟೆಗೆ ಬಂದರೆ ಆ ಕೆಲಸಕ್ಕೆ ಬೇರೆ ಆಳಿಲ್ಲ.

ನೀವು ದ್ವೀಪಕ್ಕೆ ಹೋದರೆ ಹವಳದ ಮೇಲೆ ಕಾಲಿಡಬೇಡಿ. ಊಟಕ್ಕೆ ಕುಳಿತಾಗ ಬಣ್ಣಬಣ್ಣದ ದಿಬ್ಬದ ಮೀನನ್ನು ಬೇಡಬೇಡಿ, ಗಳದಲ್ಲಿ ಹಿಡಿದ ಚೂರವನ್ನೇ ಕೇಳಿ. ಮಳೆಗಾಲದಲ್ಲಿ ಹೋದರೆ ತಾಜಾ ಚೂರ ಸಿಗಲಿಲ್ಲವೆಂದು ಬೇಸರಿಸದೆ ಮಾಸ್ ಹಾಕಿದ ಸಾರು ಉಣ್ಣಿ. ಆ ಋತುವಿನ ಊಟ ಅದೇ.